ನೂಲುವ ತಾಸು

ನಮಗೆ ನೂಲುವುದನ್ನು ಕಲಿಸಿದ ಮಾಸ್ತರರು ತುಂಬು ವಯಸ್ಸಿನಲ್ಲಿ ತೀರಿಕೊಂಡ ಸುದ್ದಿಯ ಬೆನ್ನಿಗೇ, ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂಬ ಕರೆ ಬಂದಿತು. ಧಾರವಾಡ ಸೀಮೆಯ ಈ ಮೂಲಶಿಕ್ಷಣ (ಕೈಕಸುಬಿನ ಮೂಲಕ ಪಾಠ ಕಲಿಸುವ ಗಾಂಧೀಜಿಯವರ ಪದ್ಧತಿಯ) ಶಾಲೆಯಲ್ಲಿ ಕಲಿತ ವ್ಯಾಕರಣ, ಭೂಗೋಲಗಳೆಲ್ಲ ನನಗೆ ಮರೆತುಹೋಗಿವೆ. ಮಾಸ್ತರರ ತಕಲಿ, ಎಂದರೆ ಕೈಯಿಂದ ತಿರುಗಿಸಿ ನೂಲುವ ಕದಿರು, ಮಾತ್ರ ಮರೆತಿಲ್ಲ.

1937ರ ವಾರ್ಧಾ ಶಿಕ್ಷಣ ಸಮ್ಮೇಳನದ ತರುವಾಯ ಈ ಪದ್ಧತಿಯ ಪಠ್ಯಕ್ರಮ ರೂಪಿಸಿದ ಝಾಕಿರ್ ಹುಸೇನ್ ಸಮಿತಿಯು ಶಾಲೆಯ ಐದೂವರೆ ತಾಸಿನಲ್ಲಿ 3 ತಾಸು 20 ನಿಮಿಷಗಳನ್ನು ಕೈಕಸುಬಿಗೇ ಮೀಸಲಿಟ್ಟಿತ್ತೆಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ನಮ್ಮ ಕಾಲಕ್ಕೆ ಅದು ದಿನಕ್ಕೊಂದು ತಾಸಿಗೆ ಇಳಿದಿತ್ತು. ಆದರೆ ಹಂಜಿಯನ್ನು (ನೂಲಲು ಸುತ್ತಿಟ್ಟ ಹತ್ತಿಯ ಬತ್ತಿಯನ್ನು) ಎರಡು ಬೆರಳಲ್ಲಿ ಹಿಡಿದು, ತಕಲಿಯನ್ನು ತೊಡೆಯ ಮೇಲೆ ತೀಡಿ ಬಿಟ್ಟು, ಕೈ ಮೇಲೇರುವವರೆಗೂ ಎಳೆ ಕಡಿಯದಂತೆ ನೂಲುತ್ತಿದ್ದ ನಮ್ಮ ಮಾಸ್ತರರು ಆ ಒಂದು ತಾಸಿನಲ್ಲೇ ಗಣಿತವನ್ನೂ ಮುಗಿಸುತ್ತಿದ್ದರು. ತಲಾ 840 ಗಜ ನೂಲಿನ ಎಷ್ಟು ಲಡಿಗಳು (ಸುರುಳಿಗಳು) ಒಂದು ಪೌಂಡು ತೂಗುತ್ತವೆಯೋ ಅದೇ ನೂಲಿನ ನಂಬರು. ಭಾಗಾಕಾರವೂ ದಶಾಂಶವೂ ನಮಗೆ ಬಂದದ್ದು ಆ ನಂಬರಿನ ಹಟದಿಂದ.

ಶನಿವಾರ ನೂಲು ತೂಗುವ ದಿನ, ಹೆಚ್ಚು ತೂಗಿದವನಿಗೆ ಶಾಲೆಯ ತೋಟದ ಪೇರಲಹಣ್ಣು. ಐದನೆಯ ಇಯತ್ತೆಯಲ್ಲಿದ್ದಾಗ ನಾವು ಮೂವರು ಗೆಳೆಯರು ಲಡಿಗಳನ್ನು ಬಾವಿಯ ನೀರಿನಲ್ಲಿ ಅದ್ದಿ, ಹಿಂಡಿ ತಂದೆವು (ಉಪಾಯ ನನ್ನದೇ ಎಂದು ಇಲ್ಲಿ ದಾಖಲಿಸಲು ಅಡ್ಡಿಯಿಲ್ಲ). ಮಾಸ್ತರರು ಲಡಿಯನ್ನು ಬೆರಳಿನಿಂದ ಒತ್ತಿ ನೋಡಿ, "ಭಾಳ ಛಲೋ ನೂಲೀರಿ. ತಾಸಿಗೊಮ್ಮೆ ತೂಗಿ ಹಲಗೀ ಮ್ಯಾಲೆ ಬರೀರಿ" ಎಂದು ಅದನ್ನು ಬೇವಿನ ಟೊಂಗೆಗೆ ನೇತುಹಾಕಿದರು. ಸಂಜೆಯವರೆಗೆ ತೂಗಿ, ಬರೆದು, ಇಳಿಕೆಯ ಶೇಕಡಾವಾರು ತೆಗೆದೆವು. ತೂಕ ಇಳಿಯುವುದು ನಿಂತಿತೆನ್ನುವಾಗ ಅವರು ಅದೇ ನೂಲನ್ನು ಬಿಸಿ ತವೆಯ ಮೇಲೆ ಕಾಯಿಸಿದರು. ತೂಕ ಮತ್ತಷ್ಟು ಇಳಿಯಿತು. ಒಣಗಿತೆಂದುಕೊಂಡ ಹತ್ತಿಯಲ್ಲೂ ನೀರಿರುತ್ತದೆಂಬುದು ಹೀಗೆ ತಿಳಿಯಿತು. ಪೇರಲಹಣ್ಣು ಬೇರೊಬ್ಬನ ಪಾಲಾಯಿತು.

ಮುಂದೆ ದಾವಣಗೆರೆಯ ಗಿರಣಿಯೊಂದರಲ್ಲಿ ಹತ್ತಿ ಖರೀದಿಯ ಹೊಣೆ ಹೊತ್ತಾಗ, ಒಣ ತೂಕದ ಮೇಲೆ ಶೇ. 8.5 ತೇವಾಂಶ ಸಹಜವೆಂಬ ಲೆಕ್ಕವನ್ನು ಪದವೀಧರರಿಗೂ ನಾನೇ ಬಿಡಿಸಿ ಹೇಳಬೇಕಾಗುತ್ತಿತ್ತು. ತೊಯ್ದ ಹತ್ತಿಯ ಅಂಡಿಗೆ ತಂದ ದಲಾಲಿ ಯಾರೂ ನನ್ನೆದುರು ಗೆದ್ದುಹೋಗಲಿಲ್ಲ.

ಈಗ ನನ್ನ ಮೊಮ್ಮಗನಿಗೆ ಬೆಂಗಳೂರಿನಲ್ಲಿ ವಾರಕ್ಕೊಂದು 'ಪ್ರಾಜೆಕ್ಟ್'. ಥರ್ಮೊಕೋಲಿನ ಸೌರಮಂಡಲ ಅಂಗಡಿಯಲ್ಲೇ ಸಿದ್ಧ ಸಿಗುತ್ತದೆ, ಅಂಟಿಸುವವಳು ತಾಯಿ. 2020ರ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರರ ಬಳಿ ಕಲಿಯಲೆಂದು ಹೇಳಿರುವುದು ಸಂತೋಷದ ಸಂಗತಿ. ಆದರೆ ಹತ್ತು ದಿನದಲ್ಲಿ ನಮ್ಮಲ್ಲಿ ಯಾರಿಗೂ ಎಳೆ ಕಡಿಯದೆ ನೂಲಲು ಬಂದಿರಲಿಲ್ಲ.

ಅಟ್ಟದ ಮೇಲಿರುವ ಹಳೆಯ ತಕಲಿಗಳನ್ನು ಗಾಜಿನ ಕಪಾಟಿನಲ್ಲಿಡುವ ಆಲೋಚನೆ ಶಾಲೆಯವರಿಗಿದೆಯಂತೆ. ಅವನ್ನು ಮಕ್ಕಳ ಕೈಗೆ ಕೊಡುವುದಾದರೆ, ಹಂಜಿ ಮತ್ತು ತಕ್ಕಡಿಯ ಖರ್ಚನ್ನು ನಾನು ಕೊಡುತ್ತೇನೆ.