ಸಾಸಿವೆ ಹಳದಿ ಸೀರೆ, ಶೆಟ್ಟಿಹಳ್ಳಿ ಚರ್ಚು

ನಮ್ಮ ಬೀದಿಯ ಹುಡುಗ ಒಬ್ಬ ಮದುವೆ ಫೋಟೋಗ್ರಾಫರ್ ಹತ್ತಿರ ಅಸಿಸ್ಟೆಂಟ್. ಸ್ವಂತವಾಗಿ ಕೆಲಸ ಹಿಡಿಯಬೇಕು ಅಂತ ಅವನಿಗೆ ಆಸೆ. ತೋರಿಸೋಕೆ ಪೋರ್ಟ್‌ಫೋಲಿಯೋ ಬೇಕಲ್ಲ? "ಅಕ್ಕಾ, ನೀವು ಪೋಸ್ ಕೊಡ್ತೀರಾ? ದುಡ್ಡು ನಾನೂ ಕೇಳಲ್ಲ, ನೀವೂ ಕೇಳಬೇಡಿ. ಫೋಟೋ ಇಬ್ಬರಿಗೂ" ಅಂದ. ಇದಕ್ಕೆ ಅವರ ಕಡೆ ಕೊಲ್ಯಾಬ್ ಅಂತಾರೆ.

ಹಾಸನದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವವಳು ನಾನು. ವಯಸ್ಸು ನಲವತ್ತು ದಾಟಿದೆ. ಯಾರದೋ ಮದುವೆ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಇಷ್ಟಕ್ಕೇ ಫೋಟೋ ತೆಗೆಸಿಕೊಂಡು ಗೊತ್ತು. ಸುಮ್ನೆ ನನಗೋಸ್ಕರ ಅಂತ ಒಂದೂ ಇರಲಿಲ್ಲ. ಹೂಂ ಅಂದೆ.

ಉಡೋದು ಏನು? ಸಾಸಿವೆ ಹಳದಿ ಸೀರೆ. ಕಪ್ಪಗಿರೋರಿಗೆ ಹಳದಿ ಒಪ್ಪಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ಅವರ ಅತ್ತೆ, ಚಿಕ್ಕಮ್ಮ ಇದನ್ನೇ ಹೇಳುವುದನ್ನು ದಿನಾ ಕೇಳುತ್ತೇನೆ. ಈ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಅದಕ್ಕೇ ಹಳದಿ. ಬ್ಲೌಸು ಮರೂನ್, ನಾನೇ ಹೊಲಿದದ್ದು.

ಹಳೇಬೀಡಿಗೆ ಹೋಗೋಣ ಅಂದೆ. ಅಲ್ಲಿ ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು ಅಂದ. ಸರಿ, ಶೆಟ್ಟಿಹಳ್ಳಿ ಚರ್ಚಿಗೆ ಹೊರಟೆವು. ಹಾಸನದಿಂದ ಸುಮಾರು 20 ಕಿ.ಮೀ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆ ಚೆನ್ನಾಗಿ ಆದರೆ ಅರ್ಧ ಮುಳುಗುತ್ತದೆ. ನಾವು ಹೋದದ್ದು ಬೇಸಿಗೆಯ ಬೆಳಗ್ಗೆ, ನಡೆದೇ ಒಳಗೆ ಹೋದೆವು. ಜೊತೆಗೆ ನನ್ನ ಗೆಳತಿ ಬಂದಿದ್ದಳು. ಹೆಂಗಸರು ಹೀಗೆ ಹೋಗುವಾಗ ಜೊತೆಗೊಬ್ಬರು ಇರಲೇಬೇಕು, ಎಷ್ಟೇ ಪರಿಚಯದ ಹುಡುಗನಾದರೂ.

ಕಮಾನಿನ ಕೆಳಗೆ ನಿಲ್ಲಿಸಿದ. ಮೊದಲ ಫೋಟೋ ತೋರಿಸಿದಾಗ ನನ್ನ ಎದೆ ಧಸಕ್ ಅಂದಿತು. ಮುಖವೇ ಕಾಣುತ್ತಿಲ್ಲ, ಬರೀ ಕಪ್ಪು. ಅವನು ಗಾಬರಿಯಾಗಲಿಲ್ಲ. "ಹಿಂದೆ ಆಕಾಶ ಬೆಳ್ಳಗಿದೆ ಅಕ್ಕಾ. ಬೆಳಕು ಜಾಸ್ತಿ ಇದೆ ಅಂದ್ಕೊಂಡು ಕ್ಯಾಮೆರಾ ಕಮ್ಮಿ ಮಾಡಿಬಿಡುತ್ತೆ. ನಿಮ್ಮ ಮುಖದ್ದೇನೂ ತಪ್ಪಿಲ್ಲ" ಅಂದ. ಎಕ್ಸ್‌ಪೋಷರ್ ಏರಿಸಿದ. ಗೆಳತಿಯ ಕೈಗೆ ಬಿಳಿ ಥರ್ಮೋಕೋಲ್ ಶೀಟು ಕೊಟ್ಟು ನನ್ನ ಎದುರು ಓರೆಯಾಗಿ ಹಿಡಿಸಿದ. ಬೆಳಕು ಅದಕ್ಕೆ ಬಡಿದು ಕೆನ್ನೆಯ ಮೇಲೆ ಬಿತ್ತು.

ಮುಖದ್ದೇನೂ ತಪ್ಪಿಲ್ಲ ಅನ್ನೋ ಆ ಮಾತು ಎಲ್ಲಿಗೋ ಹೋಗಿ ತಾಗಿತು. ಹಿಂದೆ ಗಂಡಿನ ಕಡೆಯವರಿಗೆ ಕಳಿಸಲು ನನ್ನ ಫೋಟೋ ತೆಗೆಸಿದಾಗ ಸ್ಟುಡಿಯೋದವರು ಯಾರನ್ನೂ ಕೇಳದೆ ಬೆಳ್ಳಗೆ ಮಾಡಿ ಕೊಟ್ಟಿದ್ದರು. ನೋಡಲು ಬಂದವರು ಫೋಟೋ ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಬೆಳಕು ಸರಿ ಮಾಡಿದ್ದರೆ ಸಾಕಿತ್ತು, ಅಲ್ವಾ?

ಬ್ಲೌಸು ಬೆನ್ನಲ್ಲಿ ಸ್ವಲ್ಪ ಸಡಿಲ ಕಾಣುತ್ತಿತ್ತು. ಬಿಗಿ ಮಾಡೋಕೆ ಅವನು ಕ್ಲಿಪ್ ಹೊರತೆಗೆದ. ಬೇಡ ಅಂತ ನಾನು ಗೆಳತಿಗೆ ಸೂಜಿದಾರ ಕೊಟ್ಟೆ, ನಿಂತಲ್ಲೇ ನಾಲ್ಕು ಟಾಕು ಹಾಕಿದಳು. ಆಮೇಲೆ, "ಒಂದೇ ಕಾಲಿನ ಮೇಲೆ ಭಾರ ಹಾಕಿ, ಸೊಂಟ ಬಿಡಿ, ಗಲ್ಲ ಸ್ವಲ್ಪ ಮುಂದೆ" ಅಂದ. ನಿಂತ ಮೇಲೆ ಗೊತ್ತಾಯಿತು, ಇದು ಬೇಲೂರಿನ ಮದನಿಕೆಯರ ಭಂಗಿ! 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಅಲ್ಲಿನ ದರ್ಪಣ ಸುಂದರಿ ಕಪ್ಪು ಬಳಪದ ಕಲ್ಲಿನವಳು. ಅವಳನ್ನು ಸುಂದರಿ ಅಂತ ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಡುತ್ತದೆ. ಅದೇ ಬಣ್ಣದ ಹುಡುಗಿ ಮನೆಯಲ್ಲಿ ಹುಟ್ಟಿದರೆ ಕಡಲೆಹಿಟ್ಟು, ಅರಿಶಿನ ಹಚ್ಚಿ ತಿಕ್ಕುತ್ತೇವೆ.

ಹತ್ತು ಗಂಟೆಗೆ ಬಿಸಿಲು ನೆತ್ತಿಗೇರತೊಡಗಿತು. ಕಣ್ಣ ಕೆಳಗೆ ನೆರಳು ಬೀಳುತ್ತೆ ಅಂತ ನಿಲ್ಲಿಸಿದ.

ಯಾವ ಫೋಟೋ ಎಲ್ಲಿ ಹಾಕಬಹುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅವನು ಆರಿಸಿದ್ದರಲ್ಲಿ ಕೆಲವನ್ನು ನಾನು ಬೇಡ ಅಂದೆ, ಅಳಿಸಿದ. ಉಳಿದವುಗಳಲ್ಲಿ ಬಣ್ಣ ಮುಟ್ಟಿಲ್ಲ. ಹಳದಿ ಸೆರಗಿನ ಮೇಲೆ ನನ್ನ ತೋಳು ಎಷ್ಟು ಚೆಂದ ಕಾಣುತ್ತದೆ!

ಈಗ ಅಂಗಡಿಗೆ ಬರುವ ಇಬ್ಬರು ತಮ್ಮದೂ ತೆಗೆಸಬೇಕು ಅಂತಿದ್ದಾರೆ. ಒಬ್ಬಳು ಅಂಗನವಾಡಿ ಟೀಚರ್, ಸಕಲೇಶಪುರದ ಮಂಜರಾಬಾದ್ ಕೋಟೆಯೇ ಬೇಕಂತೆ. ಅವಳಿಗೂ ಹಳದಿ. ಬ್ಲೌಸ್ ಕಟಿಂಗ್ ಆಗಿದೆ, ನಾಳೆ ಹೊಲಿಯಬೇಕು.