ಸೆಕೆಂಡ್ ಹ್ಯಾಂಡ್ ಕಾರಿನ ರಿಪೇರಿ ಬಿಲ್ಲು ಯಾರ ತಲೆಗೆ?

ಕಾರು ತಗೊಂಡು ಹದಿನೈದು ದಿನ ಆಗಿದೆ, ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು ಅಂತಿಟ್ಟುಕೊಳ್ಳಿ. ಮಾರಿದವರಿಗೆ ಫೋನ್ ಮಾಡಿದರೆ "ಕೊಡುವಾಗ ಸರಿಯೇ ಇತ್ತಲ್ಲ ಮಾರಾಯ್ರೆ" ಅನ್ನುತ್ತಾರೆ. ಕೆಡುವ ಕಾರಣ ಮಾರಿದ ದಿನವೇ ಗಾಡಿಯಲ್ಲಿತ್ತೋ, ಇದ್ದರೆ ಯಾರಿಗೆ ಗೊತ್ತಿತ್ತು? ಬಿಲ್ಲಿನ ಪಾಲು ನಿಲ್ಲುವುದು ಇದರ ಮೇಲೆ.

ಮೊದಲು ಇಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ. ಮೆಕ್ಯಾನಿಕ್ ಸ್ಪಾನರ್ ಹಿಡಿಯುವ ಮೊದಲೇ ಮಾರಿದವರಿಗೆ ವಾಟ್ಸಾಪಿನಲ್ಲಿ ಬರೆದು ಹಾಕಿ: ಇಂಥ ದಿನ ಬಿಚ್ಚಿಸುತ್ತೇವೆ, ನಿಮ್ಮ ಮೆಕ್ಯಾನಿಕ್ಕನ್ನೂ ಕರ್ಕೊಂಡು ಬನ್ನಿ. ಇಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿದ ಮೇಲೆ ಹೇಳಿದರೆ ನಂಬುವವರಿಲ್ಲ. ಓಡೋಮೀಟರಿನ ಫೋಟೋ ಇರಲಿ, ತೆಗೆದ ಹಳೇ ಪಾರ್ಟುಗಳನ್ನು ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿಡಿ.

ಇಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲೆಂಟಿನ ಬದಲು ತುಕ್ಕು ಬಣ್ಣದ ನೀರಿದ್ದರೆ ಅದು ಹದಿನೈದು ದಿನದ ಕೆಲಸವಲ್ಲ. ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಬಂದರೆ, ಆಯಿಲ್ ಮುಚ್ಚಳದ ಒಳಗೆ ಹಾಲುಚಹಾದಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಅಡಿಯ ಸೀಲು) ಹೋಗಿರುವ ಸಂಶಯ ಬಲವಾಗುತ್ತದೆ. ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ವಾಲ್ವಿನ ಹೌಸಿಂಗನ್ನೂ ಬಿಚ್ಚಿಸಿ. ಒಳಗೆ ವಾಲ್ವ್ ಇಲ್ಲವೇ? ಬಿಸಿಯಾಗುವ ಗಾಡಿಯನ್ನು ಊರೊಳಗೆ ಹೇಗೋ ಓಡಿಸಲು ಅದನ್ನು ಕಿತ್ತು ಹಾಕುವುದು ಹಳೇ ಉಪಾಯ. ಯಾರಿಗೋ ಮೊದಲೇ ಗೊತ್ತಿತ್ತು ಅನ್ನಲು ಇದಕ್ಕಿಂತ ಒಳ್ಳೆಯ ಗುರುತು ಸಿಗುವುದು ಕಷ್ಟ. (ಹಾಗಂತ ಕಿತ್ತವರು ಅದಕ್ಕೂ ಹಿಂದಿನ ಓನರ್ ಆಗಿರಬಹುದು, ಸರ್ವಿಸ್ ಬಿಲ್ ಕೇಳಿ.)

ಈಗ ಪಾಲು. ಲೆಕ್ಕಕ್ಕೆ ಬಿಲ್ಲು 30,000 ರೂಪಾಯಿ ಅಂತಿರಲಿ. ಹೇಗೂ ಬಿಚ್ಚಿದ್ದಲ್ವಾ ಅಂತ ಹಾಕಿಸಿದ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ 7,000. ಆಯಿಲ್, ಕೂಲೆಂಟ್ 3,000. ಈ 10,000 ಕೊಂಡವರದ್ದೇ. ಉಳಿದ 20,000 ಹೆಡ್ ಕೆಲಸದ್ದು. ಕಾರಣ ಹಳೆಯದೆಂದು ಸಾಬೀತಾದರೆ ಮಾರಿದವರು ಕೊಡಲಿ. ಆದರೆ ಮುಳ್ಳು ಕೆಂಪಲ್ಲಿದ್ದರೂ ಘಾಟಿ ಮುಗಿಸಿ ಸಕಲೇಶಪುರದವರೆಗೆ ಓಡಿಸಿ ಹೆಡ್ ಬೆಂಡ್ ಮಾಡಿಕೊಂಡಿದ್ದರೆ, ಅದರಲ್ಲಿ ಅರ್ಧ ಕೊಂಡವರು ಹೊರಬೇಕಾದ್ದು ನ್ಯಾಯ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರ್, ಬ್ಯಾಟರಿಯ ಜಗಳವೇ ಬೇಡ. ಸವೆಯುವ ಮಾಲು ಕೊಂಡವರದ್ದು.

ತುಕ್ಕಿನದ್ದು ನಮ್ಮ ಕರಾವಳಿಯ ತಕರಾರು. ಮಲ್ಪೆ, ಉಳ್ಳಾಲದ ಕಡಲಗಾಳಿ ತಿಂದ ಗಾಡಿ, ಮೀನು ಸಾಗಿಸಿದ ಟೆಂಪೋ ಇವಕ್ಕೆ ಅಡಿಭಾಗ ಮೊದಲು ಹೋಗುತ್ತದೆ. ಕಣ್ಣಿಗೆ ಕಾಣುವ ತುಕ್ಕನ್ನು ಬಗ್ಗಿ ನೋಡದೆ ಕೊಂಡಿದ್ದರೆ ನಷ್ಟ ನಿಮ್ಮದೇ. ಅದರ ಮೇಲೆ ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದು, ಸ್ಕ್ರೂಡ್ರೈವರ್ ಒತ್ತಿದರೆ ತಗಡು ತೂತಾಗುವಂತಿದ್ದರೆ ಮಾತು ಬೇರೆ, ಅದು ಮುಚ್ಚಿಟ್ಟದ್ದು.

ಡೀಲರಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು; ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ತನ್ನ ಒಂದು ಕಾರು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಆ ದಾರಿ ಇಲ್ಲ. ಅಲ್ಲಿ 1872ರ ಕರಾರು ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೇ ಹೋಗಬೇಕು, 20,000ಕ್ಕೆ ಅದು ಗಿಟ್ಟುವುದಿಲ್ಲ. ಕಮಿಷನ್ ತಿಂದ ಬ್ರೋಕರನ್ನು ನಡುವೆ ಕೂರಿಸಿ ಮುಗಿಸುವುದೇ ವಾಸಿ.

ಜಗಳ ಇದೆ ಅಂತ ಆರ್‌ಸಿ ವರ್ಗಾವಣೆ ಮಾತ್ರ ತಡೆಹಿಡಿಯಬೇಡಿ. ಫಾರಂ 29, 30 ಆರ್‌ಟಿಓಗೆ ಹೋಗದೆ ಕೂತರೆ, ನಾಳೆ ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆ ಬರುತ್ತದೆ. ಇನ್ಶೂರೆನ್ಸನ್ನೂ ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ.