ಕುರ್ಚಿ ಹಾಕಿಸಿ ನಾನೇ ಕೆಟ್ಟೆ

ಕುಟುಂಬಗಳನ್ನು ಮೈದಾನಕ್ಕೆ ಕರೆದು ಮೈ ಬಗ್ಗಿಸಿ ಆಡುವಂತೆ ಮಾಡುವುದು ನನ್ನ ಕೆಲಸ. ಕೇಳೋಕೆ ಸುಲಭ, ಅಲ್ವಾ? ಮೊದಲ ಕಾರ್ಯಕ್ರಮ ಮುಗಿಯುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಅವತ್ತು ಜನ ಚೆನ್ನಾಗಿ ಬಂದಿದ್ದರು. ಓಟ, ಹಗ್ಗಜಗ್ಗಾಟ, ಮೈಕು, ಬಹುಮಾನ ಎಲ್ಲಾ ಇತ್ತು. ವರದಿಗೆ ಒಳ್ಳೆ ಸಂಖ್ಯೆಯೂ ಸಿಕ್ಕಿತು. ಆಮೇಲೆ ಫೋಟೋ ಆರಿಸೋಕೆ ಕೂತರೆ ಒಂದರಲ್ಲೂ ದೊಡ್ಡವರು ಓಡುತ್ತಿಲ್ಲ. ಮಕ್ಕಳು ಓಡುತ್ತಿದ್ದಾರೆ, ಅಪ್ಪ ಅಮ್ಮಂದಿರು ಸಾಲಾಗಿ ಕುರ್ಚಿಯಲ್ಲಿ ಕೂತು ವಿಡಿಯೋ ಮಾಡುತ್ತಿದ್ದಾರೆ. ಒಬ್ಬ ತಾಯಿಯ ತೊಡೆ ಮೇಲೆ ಎರಡು ಬ್ಯಾಗು, ಮೂರು ನೀರಿನ ಬಾಟಲಿ, ಯಾರದೋ ಸ್ವೆಟರು. ಆಕೆಗೆ ಆಡಬೇಕು ಅನಿಸಿದರೂ ಏಳುವುದು ಹೇಗೆ? ಅಷ್ಟೂ ಕುರ್ಚಿ ಹಾಕಿಸಿದವನು ನಾನೇ.

ಮುಂದಿನ ಸಲ ಕುರ್ಚಿ ಸಾಲು ತೆಗೆಸಿದೆ. ವಯಸ್ಸಾದವರಿಗೆ, ನಿಲ್ಲಲು ಆಗದವರಿಗೆ ಅಂತ ನೆರಳಲ್ಲಿ ನಾಲ್ಕೈದು ಮಾತ್ರ ಉಳಿಸಿದೆ. ಬಾಗಿಲಲ್ಲೇ ಒಂದು ಮೇಜು ಹಾಕಿ, ಬ್ಯಾಗು ಇಸಿದುಕೊಂಡು ಟೋಕನ್ ಕೊಡೋಕೆ ಇಬ್ಬರನ್ನು ಕೂರಿಸಿದೆ. ಮೈಕಿನಲ್ಲಿ ಗಂಟಲು ಹರಿದುಕೊಂಡರೂ ಆಗದ ಕೆಲಸ ಆ ಮೇಜಿನಿಂದ ಆಯ್ತು. ಕೈ ಖಾಲಿ ಇದ್ದರೆ ಜನ ಸುಮ್ನೆ ನಿಲ್ಲುವುದಿಲ್ಲ.

ಬಹುಮಾನವನ್ನೂ ಬಿಟ್ಟೆವು. ಗೆಲ್ಲುವವರು ಹೇಗೂ ಓಡುವವರೇ, ಸೋತವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅದರ ಬದಲು ದೊಡ್ಡವರಿಲ್ಲದೆ ನಡೆಯದ ಆಟ ಹುಡುಕಿದೆವು. ಒಂದು ಆಟದಲ್ಲಿ ನಕ್ಷೆ ಮಗುವಿನ ಕೈಯಲ್ಲಿ, ದೊಡ್ಡವರು ಅದನ್ನು ನೋಡುವ ಹಾಗಿಲ್ಲ, ಮಗು ಎಲ್ಲಿಗೆ ಅಂದರೆ ಅಲ್ಲಿಗೆ ಹೋಗಬೇಕು. 'ನನಗೆ ಮಂಡಿನೋವು, ನೀನೇ ಹೋಗು' ಅಂದ ಒಬ್ಬ ಅಪ್ಪನಿಗೆ ಮಗಳು 'ನಿಧಾನಕ್ಕೇ ಬಾ, ದಾರಿ ನಾನು ಹೇಳ್ತೀನಿ' ಅಂದಳು. ಅವಳು ಎರಡು ಸಲ ದಾರಿ ತಪ್ಪಿಸಿದಳು. ಹಾಗಾಗಿ ಎಲ್ಲರಿಗಿಂತ ಜಾಸ್ತಿ ನಡೆದವರು ಅವರೇ.

ನಡೆದರೆ ಸಾಕಾ ಅಂತ ಜನ ಕೇಳುತ್ತಾರೆ. ಸಾಕು, ಸ್ವಲ್ಪ ಬಿರುಸಾಗಿ ನಡೆಯಿರಿ ಅನ್ನುತ್ತೇನೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಉಸಿರು ಏರಿದರೆ ಲೆಕ್ಕಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಒಂದೇ ಸಲ 10 ನಿಮಿಷವಾದರೂ ಆಗಬೇಕು ಅನ್ನುವ ಹಳೆಯ ಷರತ್ತನ್ನೂ ಆಗಲೇ ಕೈಬಿಟ್ಟರು.

ಈ ಲೆಕ್ಕ ನೋಡಿದ ಮೇಲೆ, ವರ್ಷಕ್ಕೊಂದು ಜಾತ್ರೆ ಮಾಡಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೋವಿಯಾ ಈಗಲೂ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಗಳಲ್ಲಿ ಕಾರುಗಳ ಓಡಾಟ ನಿಲ್ಲಿಸಿ, ನಡೆಯೋಕೆ, ಸೈಕಲ್ ಹೊಡೆಯೋಕೆ ಜನರಿಗೆ ಬಿಟ್ಟುಕೊಡುತ್ತಾರೆ. ವಾರ ವಾರ ಪಾರ್ಕಿನಲ್ಲಿ ಜನ ಸೇರಿ ಓಡುವ ಪಾರ್ಕ್‌ರನ್ ಲಂಡನ್ನಿನ ಒಂದು ಪಾರ್ಕಿನಲ್ಲಿ 2004ರಲ್ಲಿ ಶುರುವಾದಾಗ ಓಡಿದವರು 13 ಜನ. ಎರಡರಲ್ಲೂ ನನಗೆ ಕಂಡ ಗುಟ್ಟು ಒಂದೇ, ಈ ವಾರ ಇದೆಯಾ ಅಂತ ಯಾರೂ ಕೇಳಬೇಕಾಗಿಲ್ಲ.

ಇದನ್ನು ಮೇಲಿನವರಿಗೆ ಒಪ್ಪಿಸೋಕೆ ಸಾಕುಸಾಕಾಯ್ತು. ಅವರಿಗೆ ದೊಡ್ಡ ಜನಸಂದಣಿಯ ಫೋಟೋ ಬೇಕು. ದೊಡ್ಡ ಕಾರ್ಯಕ್ರಮದ ಪೆಂಡಾಲ್ ದುಡ್ಡಿನಲ್ಲೇ ಪ್ರತಿ ವಾರ ಒಂದೊಂದು ಗಂಟೆ ಚಿಕ್ಕದಾಗಿ ಮಾಡುತ್ತೇನೆ, ಮೂರು ತಿಂಗಳು ನೋಡಿ ಅಂತ ಕೇಳಿಕೊಂಡೆ. ಮೊದಮೊದಲು ಏಳೆಂಟು ಮನೆಯವರು ಬಂದರು. ಒಂದು ವಾರ ಮಳೆ ಬಂದು ನಾನು, ಇಬ್ಬರು ಸ್ವಯಂಸೇವಕರು, ಒಂದು ಚೆಂಡು ಅಷ್ಟೇ. ಆದರೂ ನಿಲ್ಲಿಸಲಿಲ್ಲ. ಈಗ ನಾನು ಬಂದವರ ತಲೆ ಎಣಿಸುವುದಿಲ್ಲ, ಎಷ್ಟು ಜನ ದೊಡ್ಡವರು ಆಡಿದರು, ಯಾರು ಮತ್ತೆ ಬಂದರು ಅಂತ ಬರೆದಿಡುತ್ತೇನೆ.

ಕಳೆದ ವಾರ ಬ್ಯಾಗಿನ ಟೋಕನ್ ಸಾಲಲಿಲ್ಲ. ರಟ್ಟಿನ ಡಬ್ಬ ಕತ್ತರಿಸಿ ನಂಬರ್ ಬರೆದು ಕೊಟ್ಟೆವು.